ಕಂಪ್ಯೂಟರಿಗೆ ತಾಳ ಕಲಿಸಿದ್ದು

ಆ ಸಿಡಿ ಸಿಕ್ಕಿದ್ದು ದೊಡ್ಡಪ್ಪನ ಮನೆಯ ಅಟ್ಟದಲ್ಲಿ, ಚರ್ಮ ಹರಿದ ಹಳೆಯ ಮದ್ದಳೆಯ ಹೊಟ್ಟೆಯೊಳಗೆ. 2024ರ ಆಷಾಢದ ಮಳೆಗೆ ಹಂಚು ಸರಿದು ಅಟ್ಟ ಸೋರುತ್ತಿತ್ತು. ಹಂಚು ಹೊಂದಿಸಲು ಹತ್ತಿದ ದೊಡ್ಡಪ್ಪನ ಮೊಮ್ಮಗ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಶಿರಸಿಯ ನನ್ನ ಡಿಟಿಪಿ ಅಂಗಡಿಗೆ ಬಂದ.

“ಅತ್ತೆ, ಇದು ನಿನ್ನ ಅಕ್ಷರವಲ್ಲವೇ?”

ನನ್ನದೇ. ಕಪ್ಪು ಮಾರ್ಕರಿನಲ್ಲಿ ‘ತಾಳ, 1999’ ಎಂದು ಬರೆದಿದ್ದೆ. ಅಂಚಿನ ಸುತ್ತ ಬೂಷ್ಟು ಬೆಳೆದಿತ್ತು. ನಮ್ಮ ಸೀಮೆಯಲ್ಲಿ ಅಡಿಕೆಯ ಕೊಳೆಗೆ ಬೋರ್ಡೋ ದ್ರಾವಣವಿದೆ. ಸಿಡಿಯ ಕೊಳೆಗೆ ಏನು ಹೊಡೆಯಬೇಕೆಂದು ಯಾರೂ ಹೇಳಿಕೊಟ್ಟಿಲ್ಲ.

“ಇದರಲ್ಲಿ ಅಜ್ಜನ ದನಿ ಇದೆ ಎಂದು ಅಮ್ಮಮ್ಮ ಹೇಳಿದಳು” ಎಂದ. ದನಿ ಇತ್ತು. ಅವನ ಬೈಗುಳವೂ ಇತ್ತು, ಆದರೆ ಅದು ಎಲ್ಲಿ ಅಡಗಿತ್ತೆಂಬುದು ನನಗೇ ಮರೆತುಹೋಗಿತ್ತು.

1999ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಮಲ್ಟಿಮೀಡಿಯಾ ಕೋರ್ಸ್ ಮಾಡುತ್ತಿದ್ದೆ. ಆಗ ಆ ಶಬ್ದಕ್ಕೆ ಭಾರೀ ಬೆಲೆ. ಸಿಡಿ ಡ್ರೈವ್, ಸೌಂಡ್ ಕಾರ್ಡ್, ಎರಡು ಪ್ಲಾಸ್ಟಿಕ್ ಸ್ಪೀಕರ್ ಇದ್ದರೆ ಅದು ‘ಮಲ್ಟಿಮೀಡಿಯಾ ಕಂಪ್ಯೂಟರ್’, ಬೆಲೆ ಹತ್ತು ಸಾವಿರ ಹೆಚ್ಚು. ಕೊನೆಯ ಪರೀಕ್ಷೆಗೆ ಒಂದು ಸಿಡಿ ಮಾಡಿ ಒಪ್ಪಿಸಬೇಕಿತ್ತು. ಜೊತೆಯವರು ಹೋಟೆಲ್, ಪ್ರವಾಸಿ ತಾಣ ಎಂದು ಆರಿಸಿಕೊಂಡರು. ನಾನು ಯಕ್ಷಗಾನದ ತಾಳಗಳನ್ನು ಆರಿಸಿಕೊಂಡೆ. ದೊಡ್ಡಪ್ಪ ಭಾಗವತ, ಅಂದರೆ ತಾಳ ಹಿಡಿದು ಪದ್ಯ ಹಾಡಿ ಆಟ ನಡೆಸುವವ. ಮೇಳದ ತಿರುಗಾಟ ಬಿಟ್ಟು ಜಗುಲಿಯಲ್ಲಿ ಹುಡುಗರಿಗೆ ಕಲಿಸುತ್ತಿದ್ದ. ವಸ್ತು ಮನೆಯಲ್ಲೇ ಇದೆ, ಕೆಲಸ ಸಲೀಸು ಎಂಬುದು ನನ್ನ ಲೆಕ್ಕ.

ಯೋಚನೆ ಇಷ್ಟು: ತೆರೆಯ ಮೇಲೆ ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ ಎಂದು ಹೆಸರುಗಳು. ಒಂದನ್ನು ಒತ್ತಿದರೆ ಆ ತಾಳದ ಪದ್ಯ ಕೇಳಬೇಕು, ತಾಳ ಹಿಡಿದ ಎರಡು ಕೈಗಳು ಪೆಟ್ಟಿಗೆ ಸರಿಯಾಗಿ ಕೂಡಬೇಕು, ಮಾತ್ರೆಯ ಅಂಕಿಗಳು ಒಂದೊಂದಾಗಿ ಹೊತ್ತಿಕೊಳ್ಳಬೇಕು. ತ್ರಿವುಡೆಗೆ ಏಳು, ಝಂಪೆಗೆ ಹತ್ತು.

ಮೊದಲು ಎದುರಾದದ್ದು ಜಾಗದ ಬಡತನ. ಸಂಗೀತದ ಸಿಡಿಯ ಗುಣಮಟ್ಟದಲ್ಲಿ, ಅಂದರೆ ಸೆಕೆಂಡಿಗೆ ಧ್ವನಿಯ 44,100 ಮಾದರಿ (ಸ್ಯಾಂಪಲ್), 16 ಬಿಟ್, ಎರಡು ಚಾನೆಲ್ ಎಂದು ಹಿಡಿದರೆ, ಒಂದು ನಿಮಿಷದ ಹಾಡು ಹತ್ತು ಎಂಬಿ ದಾಟುತ್ತದೆ. ಇಡೀ ಸಿಡಿಗೆ ಇರುವುದು 650 ಎಂಬಿ. ವಿಡಿಯೊದ ಲೆಕ್ಕ ಕೇಳಿದರೆ ಇನ್ನೂ ಗಾಬರಿ: 320ಕ್ಕೆ 240 ಚುಕ್ಕಿಯ ಸಣ್ಣ ಚೌಕಟ್ಟನ್ನು ಸೆಕೆಂಡಿಗೆ 15 ಚಿತ್ರದಂತೆ ಹಾಗೆಯೇ ತುಂಬಿದರೆ ಸೆಕೆಂಡಿಗೆ ಸುಮಾರು ಮೂರೂವರೆ ಎಂಬಿ. ಮೊದಲ ಕಾಲದ ಸಿಡಿ ಡ್ರೈವ್ ಸೆಕೆಂಡಿಗೆ ಓದುತ್ತಿದ್ದದ್ದು 150 ಕೆಬಿ. ಇಪ್ಪತ್ತೆರಡು ಕೊಡ ನೀರನ್ನು ಒಂದು ಕೊಡಕ್ಕೆ ಇಳಿಸಬೇಕು. ಸಿನೆಪ್ಯಾಕ್‌ನಂಥ ಸಂಕೋಚನ ವಿಧಾನಗಳು ಹುಟ್ಟಿದ್ದೇ ಈ ಇಕ್ಕಟ್ಟಿನಿಂದ. ಮುಖಗಳು ಚೌಕ ಚೌಕವಾಗಿ ಒಡೆದು ಕಾಣುತ್ತಿದ್ದದ್ದೂ ಅದರಿಂದಲೇ.

ನಾನು ಧ್ವನಿಯನ್ನು ಅರ್ಧಕ್ಕಿಳಿಸಿ 22,050ರಲ್ಲಿ, ಒಂದೇ ಚಾನೆಲ್‌ನಲ್ಲಿ ತುಂಬಿಸಿಕೊಂಡೆ. ನಿಮಿಷಕ್ಕೆ ಎರಡೂವರೆ ಎಂಬಿಯ ಆಸುಪಾಸು. ಹೀಗೆ ಮಾಡಿದಾಗ 11,025 ಹರ್ಟ್ಸ್‌ಗಿಂತ ಮೇಲಿನ ಸ್ವರಾಂಶ ಉಳಿಯುವುದಿಲ್ಲ. ಇದು ದೊಡ್ಡಪ್ಪನಿಗೆ ಗೊತ್ತಿರಲಿಲ್ಲ, ಆದರೆ ಹೆಡ್‌ಫೋನ್ ಹಾಕಿಕೊಂಡ ಅರೆಕ್ಷಣದಲ್ಲಿ ತೆಗೆದು ಕೆಳಗಿಟ್ಟ.

“ಕೂಸೇ, ತಾಳದ ತುದಿ ಎಲ್ಲಿ ಹೋಯಿತು? ಇದು ಕಂಬಳಿ ಹೊದ್ದು ಬಾರಿಸಿದ ಹಾಗಿದೆ.”

ಬಣ್ಣದ್ದು ಬೇರೆಯೇ ಕಥೆ. ಬಹಳ ಕಡೆ ಆಗಿನ್ನೂ 256 ಬಣ್ಣಗಳ ತೆರೆ. ಅದರಲ್ಲಿ 20 ಬಣ್ಣಗಳನ್ನು ವಿಂಡೋಸ್ ತನಗೆಂದು ಇಟ್ಟುಕೊಳ್ಳುತ್ತಿತ್ತು. ನಮ್ಮ ಪಾಲಿಗೆ 236. ವೇಷದ ಕೆಂಪು, ಹಸಿರು, ಕಿರೀಟದ ಚಿನ್ನದ ಬಣ್ಣದ ಹತ್ತಾರು ಛಾಯೆ, ಇವೆಲ್ಲ ಅಷ್ಟರಲ್ಲೇ ಹೊಂದಬೇಕು. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಾಗ ಬಣ್ಣದ ಪಟ್ಟಿ ಬದಲಾದರೆ, ಹಳೆಯ ಚಿತ್ರ ತೆರೆಯಲ್ಲಿರುವಾಗಲೇ ಹೊಸ ಬಣ್ಣ ಬಂದು ಕೂರುತ್ತಿತ್ತು. ಒಂದು ಕ್ಷಣ ಕೃಷ್ಣ ಕೆಂಪಾಗಿ, ರಾಕ್ಷಸನ ಬಣ್ಣದ ವೇಷ ಹಸಿರಾಗಿ ಬಿಡುತ್ತಿತ್ತು. ಎಲ್ಲ ಚಿತ್ರಗಳಿಗೂ ಒಂದೇ ಪಟ್ಟಿ ಮಾಡಲು ನನಗೆ ಹದಿನೈದು ದಿನ ಹಿಡಿಯಿತು. ಕನ್ನಡ ಅಕ್ಷರದ ಪಾಡು ಹೇಳುವುದೇ ಬೇಡ. ಬೇರೆಯವರ ಕಂಪ್ಯೂಟರಿನಲ್ಲಿ ನಮ್ಮ ಫಾಂಟ್ ಇರುತ್ತದೆಂಬ ಭರವಸೆ ಇರಲಿಲ್ಲ, ಹಾಗಾಗಿ ಪ್ರತಿ ಸಾಲನ್ನೂ ಚಿತ್ರ ಮಾಡಿ ಅಂಟಿಸುವುದು. ಒಂದು ಒತ್ತಕ್ಷರ ತಪ್ಪಿದರೂ ಇಡೀ ಸಾಲು ಮತ್ತೆ ಮೊದಲಿನಿಂದ.

ಇದನ್ನೆಲ್ಲ ಕಟ್ಟಿದ್ದು ಮ್ಯಾಕ್ರೊಮೀಡಿಯಾ ಡೈರೆಕ್ಟರ್ ಎಂಬ ತಂತ್ರಾಂಶದಲ್ಲಿ. ಮಾರ್ಕ್ ಕ್ಯಾಂಟರ್ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ ಮ್ಯಾಕ್ರೊಮೈಂಡ್ ಕಂಪನಿ ಮರುವರ್ಷ ಮ್ಯಾಕಿಂಟಾಷ್‌ಗೆ ‘ವಿಡಿಯೊವರ್ಕ್ಸ್’ ಮಾಡಿತ್ತು. ಅದೇ ಬೆಳೆದು ಡೈರೆಕ್ಟರ್ ಆದದ್ದು. ಅದರ ಪರಿಭಾಷೆಯೆಲ್ಲ ನಾಟಕದ್ದು. ತೆರೆಗೆ ‘ಸ್ಟೇಜ್’, ಚಿತ್ರ, ಧ್ವನಿಗಳ ಕಪಾಟಿಗೆ ‘ಕಾಸ್ಟ್’, ಯಾರು ಯಾವಾಗ ಬರಬೇಕೆಂಬ ಉದ್ದನೆಯ ಕೋಷ್ಟಕಕ್ಕೆ ‘ಸ್ಕೋರ್’. ದೊಡ್ಡಪ್ಪನಿಗೆ ರಂಗಸ್ಥಳ, ಪಾತ್ರಧಾರಿಗಳು, ಪ್ರಸಂಗದ ಪಟ್ಟಿ ಎಂದು ವಿವರಿಸಿದೆ. ಒಪ್ಪಿಕೊಂಡು, ಒಂದೇ ಪ್ರಶ್ನೆ ಕೇಳಿದ: “ಭಾಗವತ ಯಾರು?”

ಆ ಪ್ರಶ್ನೆಗೆ ಹುಬ್ಬಳ್ಳಿಯಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ನಮ್ಮಲ್ಲಿದ್ದ ಹಳೆಯ ಆವೃತ್ತಿಯಲ್ಲಿ ಧ್ವನಿಯ ನಡುನಡುವೆ ಗುರುತು ಹಾಕಿ ‘ಇಲ್ಲಿಗೆ ಬಂದಾಗ ಕೈ ಕೂಡಲಿ’ ಎನ್ನುವ ಸೌಲಭ್ಯ ಇರಲಿಲ್ಲ. ಧ್ವನಿ ತನ್ನ ಪಾಡಿಗೆ ಹರಿಯುತ್ತಿತ್ತು. ಚಿತ್ರಗಳು ಫ್ರೇಮಿನ ಲೆಕ್ಕದಲ್ಲಿ ನಡೆಯುತ್ತಿದ್ದವು. ಸೆಕೆಂಡಿಗೆ 15 ಫ್ರೇಮ್ ಎಂದು ಹೇಳಿದರೂ ಯಂತ್ರಕ್ಕೆ ಆಗದಿದ್ದರೆ 12ಕ್ಕೇ ಏದುಸಿರು ಬಿಡುತ್ತಿತ್ತು. ಡೈರೆಕ್ಟರ್ ಫ್ರೇಮುಗಳನ್ನು ಬಿಟ್ಟು ಮುಂದೆ ಹಾರುವುದಿಲ್ಲ. ಪ್ರತಿಯೊಂದನ್ನೂ ತೋರಿಸಿಯೇ ತೀರುತ್ತದೆ, ಎಷ್ಟು ತಡವಾದರೂ. ತಾಳದ ಎರಡು ಆವರ್ತ, ಅಂದರೆ ಎರಡು ಸುತ್ತು, ಕಳೆಯುವಷ್ಟರಲ್ಲಿ ಕೈ ಒಂದು ದಾರಿ, ಪದ್ಯ ಇನ್ನೊಂದು ದಾರಿ.

ಆಮೇಲೆ ವರ್ಷಗಟ್ಟಲೆ ಈ ವಿಷಯ ಓದುತ್ತಾ ಬಂದಿದ್ದೇನೆ. ಮಲ್ಟಿಮೀಡಿಯಾದ ಚರಿತ್ರೆಯನ್ನು ಸಾಮಾನ್ಯವಾಗಿ ಕೊಂಡಿಗಳ, ಅಂದರೆ ಒಂದು ಬರಹದಿಂದ ಇನ್ನೊಂದಕ್ಕೆ ಹಾರಿಸುವ ಲಿಂಕುಗಳ, ಚರಿತ್ರೆಯಾಗಿ ಹೇಳುತ್ತಾರೆ: 1945ರಲ್ಲಿ ವ್ಯಾನೆವರ್ ಬುಷ್ ಊಹಿಸಿದ ‘ಮೆಮೆಕ್ಸ್’ ಮೇಜು, 1965ರಲ್ಲಿ ಟೆಡ್ ನೆಲ್ಸನ್ ಕೊಟ್ಟ ‘ಹೈಪರ್‌ಟೆಕ್ಸ್ಟ್’ ಎಂಬ ಹೆಸರು, 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಮೌಸ್ ಹಿಡಿದು ತೋರಿಸಿದ ಪ್ರಾತ್ಯಕ್ಷಿಕೆ, 1987ರಲ್ಲಿ ಬಿಲ್ ಅಟ್ಕಿನ್‌ಸನ್ ಮಾಡಿದ ಆ್ಯಪಲ್‌ನ ಹೈಪರ್‌ಕಾರ್ಡ್. ಅದು ಸುಳ್ಳಲ್ಲ. ಆದರೆ ದೊಡ್ಡಪ್ಪನ ಪಕ್ಕದಲ್ಲಿ ಕೂತು ಬೈಸಿಕೊಂಡವಳಿಗೆ ಇನ್ನೊಂದು ಎಳೆಯೇ ದೊಡ್ಡದಾಗಿ ಕಾಣುತ್ತದೆ. ಅಕ್ಷರಕ್ಕೆ ಕಾಲ ಬೇಕಿಲ್ಲ, ಓದುವವನು ಕಾಯುತ್ತಾನೆ. ಹಾಡು ಕಾಯುವುದಿಲ್ಲ. ಮಾಡುತ್ತಿರುವ ಕೆಲಸ ಮುಗಿದ ಮೇಲೆ ಮುಂದಿನದು ಎನ್ನುವ ಯಂತ್ರಕ್ಕೆ, ‘ಮುಗಿದಿರಲಿ ಬಿಡಲಿ, ಪೆಟ್ಟು ಈಗಲೇ’ ಎಂದು ಕಲಿಸುವುದು ಹೇಗೆ?

ಬಹಳ ಕಾಲ ಈ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿಯೇ ಕೆಲಸ ನಡೆಯಿತು. 1978ರಲ್ಲಿ ಎಂಐಟಿಯವರು ಆಸ್ಪೆನ್ ಎಂಬ ಪಟ್ಟಣದ ಬೀದಿಗಳನ್ನು ಕಾರಿನ ಮೇಲಿಂದ ಚಿತ್ರಿಸಿ, ನೋಡುವವನು ಬೇಕಾದ ಕಡೆ ತಿರುಗುವಂತೆ ಮಾಡಿದರು. ಆದರೆ ಚಿತ್ರಗಳು ಇದ್ದದ್ದು ವಿಡಿಯೊ ಡಿಸ್ಕಿನಲ್ಲಿ. ಕಂಪ್ಯೂಟರ್ ‘ಆ ಫ್ರೇಮಿಗೆ ಹೋಗು’ ಎಂದು ಆಜ್ಞೆ ಕೊಡುತ್ತಿತ್ತು ಅಷ್ಟೇ. ಎಲೆಕ್ಟ್ರಾನಿಕ್ ವಾದ್ಯಗಳನ್ನು ಜೋಡಿಸುವ 1983ರ ಮಿಡಿ ಪದ್ಧತಿಯಲ್ಲಿ ಒಂದು ವಾದ್ಯ ಇನ್ನೊಂದಕ್ಕೆ, ‘ಕ್ವಾರ್ಟರ್ ನೋಟ್’ ಎಂಬ ಅಳತೆಗೆ 24ರಂತೆ ತಾಳದ ಮಿಡಿತ ಕಳಿಸಬಲ್ಲದು. ಆದರೆ ಅಲ್ಲಿ ಚಿತ್ರವಿಲ್ಲ. 1989ರ ಸೌಂಡ್ ಬ್ಲಾಸ್ಟರ್ ಕಾರ್ಡ್ ಸಾಮಾನ್ಯ ಪಿಸಿಗೆ ಬಾಯಿ ಕೊಟ್ಟಿತು. 1991ರಲ್ಲಿ ಕಂಪನಿಗಳೆಲ್ಲ ಸೇರಿ ‘ಎಂಪಿಸಿ’ (ಮಲ್ಟಿಮೀಡಿಯಾ ಪಿಸಿ) ಎಂಬ ಕನಿಷ್ಠ ಮಾನದಂಡ ಬರೆದವು. ಆ ವರ್ಷದ ಕೊನೆಗೆ ಬಂದದ್ದು ಆ್ಯಪಲ್‌ನ ಕ್ವಿಕ್‌ಟೈಮ್. ಅಂಚೆಚೀಟಿಯಷ್ಟು ವಿಡಿಯೊ ಎಂದು ಜನ ನಕ್ಕರು. ಆದರೆ ಹೆಸರಿನಲ್ಲೇ ಕಾಲವಿದ್ದ ಆ ತಂತ್ರಾಂಶಕ್ಕೆ ಒಂದು ಮರ್ಯಾದೆ ಗೊತ್ತಿತ್ತು: ಯಂತ್ರ ಹಿಂದೆ ಬಿದ್ದರೆ ಚಿತ್ರಗಳನ್ನು ಬಿಟ್ಟುಕೊಡು, ಧ್ವನಿಯನ್ನು ನಿಲ್ಲಿಸಬೇಡ. ವೇಷಧಾರಿ ಒಂದು ಹೆಜ್ಜೆ ತಪ್ಪಿದರೆ ಭಾಗವತ ಪದ್ಯ ನಿಲ್ಲಿಸುತ್ತಾನೆಯೇ? ವೇಷ ಓಡಿ ಬಂದು ಸೇರಿಕೊಳ್ಳಬೇಕು.

ನಾನು ಕೈಗಳನ್ನೂ ಕ್ವಿಕ್‌ಟೈಮ್ ವಿಡಿಯೊ ಮಾಡಿದ್ದರೆ ಮುಗಿಯುತ್ತಿತ್ತು. ಜಾಗದ ಜಿಪುಣತನದಿಂದ ಮಾಡಲಿಲ್ಲ. ಬದಲಿಗೆ ದೊಡ್ಡಪ್ಪನನ್ನು ಮುಂಡಗೋಡದ ಮೇಲೆ ಹೋಗುವ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಎರಡು ದಿನ ಅವನು ಮಾನಿಟರಿನ ಮುಂದೆ ಎಲೆಯಡಿಕೆಯ ಕವಳ ಹಾಕದೆ ಕೂತ. ಅದೇ ಅವನು ಮಾಡಿದ ದೊಡ್ಡ ತ್ಯಾಗ. ನಾನು ಫ್ರೇಮಿನ ವೇಗ ತಿದ್ದುವುದು, ಅವನು ತೊಡೆ ತಟ್ಟಿ ನೋಡುವುದು. “ಮುಂದೆ ಬಿತ್ತು.” “ಹಿಂದೆ ಬಿತ್ತು.” “ಈಗ ಸರಿ, ಮುಟ್ಟಬೇಡ.” ಹೀಗೆ ಪ್ರತಿ ತಾಳಕ್ಕೂ ಒಂದು ವೇಗ ಕುದುರಿತು. ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂತು. ಮೂರು ಪ್ರತಿ ಬರೆಸಿಕೊಂಡೆ. ಮೂಲ ಕಡತಗಳಿದ್ದ ಹಾರ್ಡ್ ಡಿಸ್ಕನ್ನು ತರಬೇತಿ ಸಂಸ್ಥೆಯವರು ಮುಂದಿನ ಬ್ಯಾಚಿಗಾಗಿ ಅಳಿಸಿದರು. ಪ್ರತಿ ಇಟ್ಟುಕೊಳ್ಳಬೇಕೆಂಬ ಬುದ್ಧಿ ನನಗೂ ಇರಲಿಲ್ಲ.

ಮೂರರಲ್ಲಿ ಉಳಿದದ್ದು ಈ ಒಂದು. ಮೊದಲು ತೊಳೆದೆ. ಮೆತ್ತನೆಯ ಹತ್ತಿ ಬಟ್ಟೆ, ಎರಡು ಹನಿ ಸೋಪಿನ ನೀರು, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸುವುದು. ತಟ್ಟೆ ತೊಳೆದ ಹಾಗೆ ಸುತ್ತ ತಿಕ್ಕಬಾರದು. ಸುತ್ತಲಿನ ಗೀರು ಒಂದೇ ಸಾಲಿನ ಮಾಹಿತಿಯನ್ನು ಉದ್ದಕ್ಕೂ ತಿನ್ನುತ್ತದೆ. ಹೆಸರು ಬರೆದ ಬದಿಯೇ ಹೆಚ್ಚು ನಾಜೂಕು, ಏಕೆಂದರೆ ಹೊಳೆಯುವ ಪದರ ಇರುವುದು ಅದರ ಕೆಳಗೇ.

ಆಮೇಲೆ ಹಳೆಯ ಡ್ರೈವ್ ಒಂದಕ್ಕೆ ಹಾಕಿ ‘ಡಿಡಿರೆಸ್ಕ್ಯೂ’ ಎಂಬ ತಂತ್ರಾಂಶ ಹಚ್ಚಿದೆವು. ಅದರ ನಡೆ ಮನೆಗೆಲಸ ಬಲ್ಲ ಹೆಂಗಸಿನದು: ಸುಲಭಕ್ಕೆ ಸಿಗುವುದನ್ನೆಲ್ಲ ಮೊದಲು ಬಾಚಿಕೊಂಡು, ಹಟ ಮಾಡುವ ಜಾಗಗಳಿಗೆ ಆಮೇಲೆ ಮತ್ತೆ ಮತ್ತೆ ಬರುತ್ತದೆ. ಎಲ್ಲಿ ಬಿಟ್ಟೆನೆಂದು ಒಂದು ಕಡತದಲ್ಲಿ ಬರೆದಿಡುತ್ತದೆ. ಅದು ಒಳ್ಳೆಯದೇ ಆಯಿತು, ಏಕೆಂದರೆ ಆ ಮಳೆಯಲ್ಲಿ ನಮ್ಮ ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿತ್ತು. ಪೂರ್ತಿ ತುಂಬಿದ 74 ನಿಮಿಷದ ಸಿಡಿಯಲ್ಲಿ 3,33,000 ಸೆಕ್ಟರುಗಳು, ಒಂದೊಂದರಲ್ಲಿ 2,048 ಬೈಟ್. ಮೂರು ರಾತ್ರಿ ಕಳೆದ ಮೇಲೆ ನಮ್ಮದರಲ್ಲಿ 61 ಸೆಕ್ಟರ್ ಬಿಟ್ಟು ಉಳಿದೆಲ್ಲ ಬಂತು. ಸಿಡಿ ಬರೆಯುವುದು ಒಳಗಿನಿಂದ ಹೊರಕ್ಕೆ. ಬೂಷ್ಟು ತಿಂದದ್ದು ಹೊರಗಿನಿಂದ ಒಳಕ್ಕೆ. ಕೊನೆಗೆ ತುಂಬಿದ್ದ ಅಷ್ಟತಾಳಕ್ಕೇ ಪೆಟ್ಟು ಬಿದ್ದಿತ್ತು.

ಧ್ವನಿಯ ಕಡತಗಳು ಆ ಕ್ಷಣವೇ ತೆರೆದವು. ಸಿಡಿ ತಂದ ಹುಡುಗ, ನನಗೆ ಅಳಿಯ, ಮೊಬೈಲಿನಲ್ಲೇ ಕೇಳಿದ. ಆದರೆ ಕೈಗಳನ್ನು, ಅಂಕಿಗಳನ್ನು, ಪದ್ಯವನ್ನು ಒಟ್ಟು ಕಟ್ಟಿದ್ದ ಪ್ರೋಗ್ರಾಮ್ ಮಿಸುಕಲಿಲ್ಲ. ಅದು 16 ಬಿಟ್‌ನದು. ಈಗಿನ 64 ಬಿಟ್ ವಿಂಡೋಸ್ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಡೈರೆಕ್ಟರ್ ಮಾಡಿದ ಕಂಪನಿಯನ್ನು 2005ರಲ್ಲಿ ಅಡೋಬಿ ಕೊಂಡಿತು, 2017ರಲ್ಲಿ ಡೈರೆಕ್ಟರ್ ಮಾರಾಟ ನಿಂತಿತು; ಅದರ ತಂಗಿಯಂತಿದ್ದ ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಅಂದಿನ ಎಷ್ಟು ಸಿಡಿಗಳು ಹೀಗೆ ಕೂತಿವೆಯೋ!

‘86ಬಾಕ್ಸ್’ ಎಂಬುದು ಹಳೆಯ ಪಿಸಿಯನ್ನು ಚಿಪ್ಪು ಚಿಪ್ಪಾಗಿ ಅನುಕರಿಸುತ್ತದೆ. ಅದರಲ್ಲಿ ಒಂದು ಪೆಂಟಿಯಂ, ಸೌಂಡ್ ಬ್ಲಾಸ್ಟರ್ 16, ನನ್ನ ಬಳಿ ಉಳಿದಿದ್ದ ವಿಂಡೋಸ್ 98. ತೆರೆ 640ಕ್ಕೆ 480, ಬಣ್ಣ 256. ಪ್ರೋಗ್ರಾಮ್ ಕ್ವಿಕ್‌ಟೈಮ್ ಇಲ್ಲವೆಂದು ಮುನಿಸಿಕೊಂಡಿತು. ಅದನ್ನು ಸಿಡಿಯಲ್ಲೇ ಒಂದು ಫೋಲ್ಡರಿನಲ್ಲಿ ಹಾಕಿಟ್ಟಿದ್ದೆ. ಹಾಗೆ ಮಾಡಿಸಿದ ಮೇಷ್ಟ್ರಿಗೆ ಆಗ ಮನಸ್ಸಿನಲ್ಲೇ ಶಾಪ ಹಾಕಿದ್ದು ನೆನಪಾಯಿತು.

ತೆರೆ ಬಂತು. ಅಳಿಯ ತ್ರಿವುಡೆ ಒತ್ತಿದ. ದೊಡ್ಡಪ್ಪನ ದನಿ ಬಂತು, ಕೈಗಳು ಹೊರಟವು. ಹೊರಟವು ಎಂದರೆ ಓಡಿದವು. ಮೂರನೆಯ ಆವರ್ತಕ್ಕೆ ಕೈಗಳು ಪದ್ಯಕ್ಕಿಂತ ಎರಡು ಮಾತ್ರೆ ಮುಂದೆ.

ಕಾರಣ ಹೊಳೆಯಲು ಸಂಜೆಯಾಯಿತು. ಹುಬ್ಬಳ್ಳಿಯ ಆ ಯಂತ್ರ ಹೇಳಿದಷ್ಟು ವೇಗಕ್ಕೆ ಓಡುತ್ತಲೇ ಇರಲಿಲ್ಲ. ಅದರ ಏದುಸಿರಿಗೆ ಹೊಂದಿಸಿ ನಾವು ತಾಳ ಕೂರಿಸಿದ್ದೆವು. ಈಗಿನ ಅನುಕರಣೆಯ ಯಂತ್ರ ಹೇಳಿದ ಮಾತು ಕೇಳುತ್ತಿದೆ, ಅದಕ್ಕೇ ತಾಳ ತಪ್ಪುತ್ತಿದೆ. ಅಳಿಯ 86ಬಾಕ್ಸ್‌ನಲ್ಲಿ ಪೆಂಟಿಯಂ 200ರಿಂದ 166ಕ್ಕೆ, ಅಲ್ಲಿಂದ 133ಕ್ಕೆ ಇಳಿಸಿದ. 133ರಲ್ಲಿ ಹೆಚ್ಚೂಕಡಿಮೆ ಕೂಡಿತು.

ಬೀಗ ಹಾಕಿದ ಡೈರೆಕ್ಟರ್ ಕಡತಗಳನ್ನು ಬಿಚ್ಚುವ ‘ಪ್ರೊಜೆಕ್ಟರ್‌ರೇಸ್’ ಎಂಬ ಸಲಕರಣೆಯನ್ನು ಅವನೇ ಹುಡುಕಿದ. ನಾನು ಡೈರೆಕ್ಟರಿನ ಲಿಂಗೊ ಭಾಷೆಯಲ್ಲಿ ಬರೆದ ಸಾಲುಗಳು ಇಪ್ಪತ್ತೈದು ವರ್ಷದ ಮೇಲೆ ಮತ್ತೆ ಎದುರಿಗೆ ಬಂದವು. ವೇಗ ಬದಲಿಸುವ ಆಜ್ಞೆಯ ಹೆಸರು ‘ಪಪೆಟ್‌ಟೆಂಪೊ’. ಅದರ ಮುಂದೆ ಸಂಖ್ಯೆ ಇರುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ದೊಡ್ಡಪ್ಪ’ ಎಂದಿತ್ತು. ಅವನು “ಮುಂದೆ ಬಿತ್ತು, ಹಿಂದೆ ಬಿತ್ತು” ಎಂದಾಗಲೆಲ್ಲ ತಿದ್ದುತ್ತಿದ್ದ ಬೆಲೆಗೆ ನಾನೇ ಸಿಟ್ಟಿನಲ್ಲಿ ಇಟ್ಟ ಹೆಸರು. ತ್ರಿವುಡೆಯಲ್ಲಿ ದೊಡ್ಡಪ್ಪ 14, ಝಂಪೆಯಲ್ಲಿ ದೊಡ್ಡಪ್ಪ 13. ಅಳಿಯ ಅದರ ಫೋಟೊ ತೆಗೆದು ಅಮ್ಮಮ್ಮನಿಗೆ ತೋರಿಸಲು ಇಟ್ಟುಕೊಂಡ.

ಇದನ್ನು ಮೊಬೈಲಿನ ಬ್ರೌಸರಿನಲ್ಲಿ ನಡೆಯುವಂತೆ ಮತ್ತೆ ಕಟ್ಟುವುದೆಂದು ತೀರ್ಮಾನವಾಯಿತು. ಈಗ ಜಾಗದ ಚಿಂತೆ ಇಲ್ಲ, ಬಣ್ಣದ ಚಿಂತೆ ಇಲ್ಲ, ಕನ್ನಡವನ್ನು ಕನ್ನಡವಾಗಿಯೇ ಬರೆಯಬಹುದು. ಮೊದಲ ದಿನ ಹುಡುಗ ಟೈಮರ್ ಇಟ್ಟು, ಇಷ್ಟು ಮಿಲಿಸೆಕೆಂಡಿಗೊಮ್ಮೆ ಕೈ ಕೂಡಲಿ ಎಂದು ಬರೆದ. ಲ್ಯಾಪ್‌ಟಾಪಿನಲ್ಲಿ ಸರಿ ಕಂಡಿತು, ಹಳೆಯ ಮೊಬೈಲಿನಲ್ಲಿ ನಾಲ್ಕನೆಯ ಆವರ್ತಕ್ಕೆ ಜಾರಿತು. ನಾನು 1999ರಲ್ಲಿ ಮಾಡಿದ ತಪ್ಪೇ, ಹೊಸ ಬಟ್ಟೆ ತೊಟ್ಟು ಬಂದಿತ್ತು.

“ನೀನು ಎಣಿಸಬೇಡ. ಪ್ರತಿ ಸಲ ತೆರೆ ಬರೆಯುವ ಮುಂಚೆ ಧ್ವನಿಯನ್ನೇ ಕೇಳು, ಈಗ ಎಲ್ಲಿದ್ದೀಯೆಂದು. ಅದು ಹೇಳಿದ ಮಾತ್ರೆಯ ಕೈ ತೋರಿಸು” ಎಂದೆ.

“ನಡುವೆ ಕೆಲವು ಚಿತ್ರ ತಪ್ಪಿಹೋದರೆ?”

“ತಪ್ಪಲಿ.”

1998ರಲ್ಲೇ ವೆಬ್‌ನ ಮಾನದಂಡಗಳನ್ನು ಬರೆಯುವ ಡಬ್ಲ್ಯು3ಸಿ ಒಕ್ಕೂಟ ಅಂತರ್ಜಾಲಕ್ಕೆ ‘ಸ್ಮೈಲ್’ ಎಂದು ಉಚ್ಚರಿಸುವ ಭಾಷೆಯೊಂದನ್ನು ಶಿಫಾರಸು ಮಾಡಿತ್ತು. ಯಾವುದು ಯಾವುದರ ಜೊತೆಗೆ, ಯಾವುದು ಯಾವುದರ ನಂತರ ಎಂದು ಹೇಳುವುದೇ ಅದರ ಕಸುಬು. ಹೆಚ್ಚು ಬಳಕೆಗೆ ಬರಲಿಲ್ಲ. ಈಗ ಬ್ರೌಸರಿನ ಆಡಿಯೊಗೆ ತನ್ನದೇ ಗಡಿಯಾರವಿದೆ, ಅದನ್ನು ಕೇಳಿದರೆ ಸಾಕು. ಹುಡುಗ ಅರ್ಧ ದಿನದಲ್ಲಿ ತಿದ್ದಿದ. ಯಾವ ಮೊಬೈಲಿನಲ್ಲಿ ಹಾಕಿದರೂ ಕೈ ಕದಲಲಿಲ್ಲ.

ಉಳಿದದ್ದು ಅಷ್ಟತಾಳ. ಓದಲಾಗದ 61ರಲ್ಲಿ 32 ಸೆಕ್ಟರುಗಳು ಅದರ ಎರಡನೆಯ ಆವರ್ತದ ನಡುವೆ ಒಟ್ಟಿಗೆ ಬಿದ್ದಿದ್ದವು. ನನ್ನ ಜಿಪುಣತನದ ಧ್ವನಿಗೆ ಅದು ಒಂದೂವರೆ ಸೆಕೆಂಡ್. ಡಿಡಿರೆಸ್ಕ್ಯೂ ಸಿಗದ ಜಾಗವನ್ನು ಸೊನ್ನೆಗಳಿಂದ ತುಂಬಿರುತ್ತದೆ. ಧ್ವನಿಯಲ್ಲಿ ಸೊನ್ನೆ ಎಂದರೆ ಮೌನ. ಪದ್ಯ ಫಕ್ಕನೆ ನಿಂತು, ಒಂದೂವರೆ ಸೆಕೆಂಡ್ ಏನೂ ಇಲ್ಲದೆ, ಅಕ್ಷರದ ನಡುವಿನಿಂದ ಮತ್ತೆ ಎದ್ದು ಬರುತ್ತದೆ. ಅಳಿಯ ಮೊದಲು ಕತ್ತರಿಸಿ ಜೋಡಿಸುತ್ತೇನೆಂದ. ಕತ್ತರಿಸಿದರೆ ಹದಿನಾಲ್ಕು ಮಾತ್ರೆಯ ತಾಳ ಕುಂಟಾಗುತ್ತದೆ. ಬೇರೆ ಆವರ್ತದಿಂದ ತುಂಡು ತಂದು ಹೊಲಿಯುತ್ತೇನೆಂದ. ಸಾಹಿತ್ಯ ಬೇರೆ. ಹಾಗೆಯೇ ಬಿಟ್ಟೆವು, ದನಿ ಇಲ್ಲದ ಜಾಗದಲ್ಲೂ ಕೈಗಳು ಕೂಡುತ್ತವೆ.

ದೀಪಾವಳಿಯ ಮರುದಿನ, ದೊಡ್ಡಪ್ಪನ ಜೊತೆ ಮದ್ದಳೆ ಬಾರಿಸುತ್ತಿದ್ದ ಪಕ್ಕದೂರಿನ ಹಿರಿಯರನ್ನು ಜಗುಲಿಗೆ ಕರೆಸಿ ಟಿವಿಯ ತೆರೆಗೆ ಜೋಡಿಸಿ ತೋರಿಸಿದೆವು. ದನಿ ದೊಡ್ಡದಾಗಿರಲಿ ಎಂದು ಅಳಿಯ ಹೊಸ ಬ್ಲೂಟೂತ್ ಸ್ಪೀಕರ್ ತಂದಿಟ್ಟಿದ್ದ. ಅವರು ಅಷ್ಟತಾಳದ ಮೌನವನ್ನು ಬೆರಳು ಮಡಿಸುತ್ತಾ ದಾಟಿದರು, ಏನೂ ಅನ್ನಲಿಲ್ಲ. ಝಂಪೆಗೆ ಬಂದಾಗ ಹುಬ್ಬು ಗಂಟಿಕ್ಕಿತು.

“ಕೈ ಮುಂದೆ ಹೋಗುತ್ತಿದೆಯಲ್ಲ.”

ಅಳಿಯ ನನ್ನ ಮುಖ ನೋಡಿದ, ನಾನು ಸ್ಪೀಕರ್ ನೋಡಿದೆ. ತಂತಿಯಿಲ್ಲದ ಆ ಡಬ್ಬಿ ಧ್ವನಿಯನ್ನು ಕಟ್ಟಿ, ಕಳಿಸಿ, ಬಿಚ್ಚುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡ ಮಾಡುತ್ತಿತ್ತು. ಗಡಿಯಾರ ಸರಿ ಇದ್ದರೂ ಕಿವಿಗೆ ಬೀಳುವುದು ತಡವಾಗಿ.

“ಮನೆಯಲ್ಲಿ ಉದ್ದನೆಯ ಆಡಿಯೊ ವೈರ್ ಇದೆಯೇನೋ ನೋಡು” ಎಂದೆ. ಅವನು ಮತ್ತೆ ಅಟ್ಟ ಹತ್ತಿದ.